ನಲವತ್ತೊಂದನೇ ಸಾಲು

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ವಿರೂಪಾಕ್ಷ ಗಾವಡಗೆರೆಯ ಸಮುದಾಯ ಭವನದ ಅಡುಗೆಮನೆಯಲ್ಲಿ ನಿಂತು ಲಾಡು ಎಣಿಸುತ್ತಿದ್ದ. ಅವನ ತಾಯಿ ಶಿವರುದ್ರಮ್ಮ ಸತ್ತು ಅದು ಹನ್ನೊಂದನೆಯ ದಿನ. ಎಣಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ತಟ್ಟೆಗೆ ಐವತ್ತರಂತೆ ಹದಿನಾಲ್ಕು ತಟ್ಟೆ. ಒಂದು ಲಾಡನ್ನು ಅಂಗೈ ಮೇಲಿಟ್ಟು ಅಂದಾಜು ಮಾಡಿದ. ಐವತ್ತೈದು ಗ್ರಾಂ. ಸಾಮಾನ್ಯವಾಗಿ ಅವನ ಅಂದಾಜು ಎರಡು ಗ್ರಾಮಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ.

"ಎಲೆ ಎಷ್ಟು?" ಎಂದು ಕೇಳಿದ.

"ನಾನೂರು ಸಾ," ಎಂದ ನಿಂಗರಾಜು. ಹುಣಸೂರಿನಿಂದ ಬಂದಿದ್ದ ಕೇಟರಿಂಗ್‌ನವನು ಅವನು. ಅವನ ಹಿಂದೆ ಕೆಲಸದ ಹೆಂಗಸರು ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದರು.

"ಲಾಡು ಏಳುನೂರು ಇದೆಯಲ್ಲ."

"ಇರ್ಲಿ ಬುಡಿ ಸಾ. ಸಾಲ್ದೆ ಬಂದ್ರೆ ನಮ್ ಮಾನ ಓಯ್ತದೆ."

"ನೂರಕ್ಕೆ ಎಷ್ಟು ಜನ ಲಾಡು ಬೇಡ ಅಂತಾರೆ?"

ನಿಂಗರಾಜು ಅವನ ಮುಖ ನೋಡಿದ. ತಮಾಷೆಯೋ ಏನೋ ಎಂದು ಗೊತ್ತಾಗಲಿಲ್ಲ. "ಎಲ್ರೂ ಬ್ಯಾಡ ಅಂತಾರೆ ಸಾ. ಎಲ್ರೂ ತಿಂತಾರೆ."

ಹೆಚ್ಚುತ್ತಿದ್ದ ಹೆಂಗಸರಲ್ಲಿ ಒಬ್ಬಳು ನಕ್ಕಳು.

ವಿರೂಪಾಕ್ಷ ಲಾಡನ್ನು ತಟ್ಟೆಗೆ ಮರಳಿಸಿದ. ಅವನು ಬೆಂಗಳೂರಿನಲ್ಲಿ ಒಂದು ವಿಮಾನ ಸಂಸ್ಥೆಯಲ್ಲಿ ಹದಿನಾರು ವರ್ಷಗಳಿಂದ ಇದ್ದ. ದೂರದ ವಿಮಾನಗಳಲ್ಲಿ, ಅಗ್ಗದ ತರಗತಿಯ ಪ್ರಯಾಣಿಕರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ತೀರ್ಮಾನಿಸುವ ವಿಭಾಗ ಅವನದು. ಮೊದಲು ಬಿಸಿ ಟವೆಲ್ ಹೋಯಿತು. ಆಮೇಲೆ ಗೋಡಂಬಿ, ಬೆಣ್ಣೆಯ ಜೊತೆಗಿದ್ದ ಚೀಸ್. ಅರವತ್ತು ಗ್ರಾಮಿನ ಬನ್ನು ಮೂವತ್ತೈದಕ್ಕೆ ಬಂತು. ಇಳಿಯುವ ಮುಂಚಿನ ಬಿಸಿ ತಿಂಡಿಯ ಜಾಗಕ್ಕೆ ಒಂದು ಕಾಗದದ ಡಬ್ಬಿ ಬಂತು. ಒಂದೊಂದನ್ನು ತೆಗೆದಾಗಲೂ ಅವನು ಒಂದು ಪುಟದ ಟಿಪ್ಪಣಿ ಬರೆದಿದ್ದ. ಅವನ ಟಿಪ್ಪಣಿಗಳಲ್ಲಿ ತಪ್ಪು ಇರುತ್ತಿರಲಿಲ್ಲ.

ಈ ಬೆಳಿಗ್ಗೆ ಹುಣಸೂರು ದಾಟುವಾಗ ಅವನು ನಿಶ್ಚಯಿಸಿಕೊಂಡಿದ್ದ: ಇವತ್ತು ಶಾಂಭವಿಗೆ ಹೇಳಿಬಿಡುವುದು.

ಶಾಂಭವಿ ಅವನ ತಂಗಿ. ಗಾವಡಗೆರೆಯಲ್ಲೇ ಅವಳ ಗಂಡ ವೀರಭದ್ರಸ್ವಾಮಿಯ ಬೀಜ ಗೊಬ್ಬರದ ಅಂಗಡಿ. ಒಂಬತ್ತು ವರ್ಷಗಳಿಂದ ಅವ್ವ ಇದ್ದದ್ದು ಅವರ ಮನೆಯಲ್ಲಿ. ಲಂಡನ್ನಿಗೆ ಹೋದ ಆರು ದಿನ ಬಿಟ್ಟರೆ ಅವಳು ಮಗಳ ಮನೆಯ ಹೊರಗೆ ಮಲಗಿದ್ದು ಕಡಿಮೆ.

ಆ ಆರು ದಿನ ವಿರೂಪಾಕ್ಷನ ಯೋಚನೆ. ನೌಕರರ ತಂದೆತಾಯಿಗೆ ವರ್ಷಕ್ಕೊಂದು ಟಿಕೆಟ್ ಕೊಡುತ್ತಿದ್ದರು. ಅವನು ಒಮ್ಮೆಯೂ ಬಳಸಿರಲಿಲ್ಲ. ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ, ತೋರಿಸುತ್ತೇನೆ ಬಾ ಎಂದ. ಅವಳು ಬೇಡ ಎಂದಳು. ಶಾಂಭವಿ ಮೂರು ತಿಂಗಳು ಹೇಳಿ ಒಪ್ಪಿಸಿದಳು.

ಶಾಂಭವಿ ತುಪ್ಪದ ಗಿಂಡಿ ಹಿಡಿದು ಒಳಗೆ ಬಂದಳು. ಹತ್ತು ದಿನಗಳಲ್ಲಿ ಅವಳ ಕೆನ್ನೆ ಇಳಿದಿತ್ತು.

"ನಿಂಗ್ರಾಜು, ಲಾಡೂ ತುಪ್ಪಾನೂ ನಿಮ್ಮೋರು ಮುಟ್ಬ್ಯಾಡಿ. ನಾನೇ ಕೇಳಿ ಬಡಿಸ್ತೀನಿ."

"ನಾನೂರು ಎಲೆ ಅಕ್ಕ. ಸೊಂಟ ಹಿಡ್ಕತದೆ."

"ಹಿಡ್ಕಳ್ಳಿ. ನಿಮ್ಮೋರು ಬಸ್ಸಿಗೆ ಓಡೋರಂಗೆ ಹಾಕ್ಕೊಂಡು ಹೋಯ್ತಾರೆ. ಕೇಳ್ದೆ ಇದ್ರೆ ಅದೇನ್ ಊಟ?" ಅಣ್ಣನ ಕಡೆ ತಿರುಗಿದಳು. "ಕಾಪಿ ಕುಡುದ್ಯಾ?"

"ಆಯ್ತು. ಶಾಂಭವಿ, ಒಂದು ಮಾತು ಹೇಳಬೇಕಿತ್ತು."

"ಅಯ್ನೋರು ಬಂದವ್ರೆ ಅಣ್ಣ. ಆಮೇಲೆ ಹೇಳುವಂತೆ."

ಅವಳು ಹೋದಳು. ವಿರೂಪಾಕ್ಷನಿಗೆ ನಿರಾಳವಾಯಿತು. ಆ ನಿರಾಳವನ್ನು ಗಮನಿಸಿ ಅಸಹ್ಯವಾಯಿತು.

ಸಭಾಂಗಣದ ಪೂರ್ವದ ಗೋಡೆಗೆ ಅವ್ವನ ಫೋಟೊ ಇಟ್ಟಿದ್ದರು. ಅವನೇ ಲಂಡನ್ನಿನಲ್ಲಿ ಮೊಬೈಲಿನಿಂದ ತೆಗೆದದ್ದು. ಬಸವಣ್ಣನವರನ್ನು ಕತ್ತರಿಸಿ ಅವ್ವನ ಮುಖವನ್ನು ದೊಡ್ಡದು ಮಾಡಿದ್ದರು. ಅವಳ ಕಿವಿಯ ಹಿಂದೆ ಬೂದು ಬಣ್ಣದ ಒಂದು ಪಟ್ಟಿ ಉಳಿದಿತ್ತು. ಅದು ಥೇಮ್ಸ್ ಎಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತು.

ಫೋಟೊದ ಮುಂದೆ ಎಡೆಯ ಎಲೆ. ಪಾಯಸ, ಲಾಡು, ವಡೆ, ಅವರೆಕಾಳಿನ ಉಸಲಿ, ಎಲೆ ಅಡಿಕೆ. ಸತ್ತವರಿಗೆ ಪ್ರೀತಿಯಾದದ್ದೆಲ್ಲ ಎಡೆಗೆ ಬರಬೇಕು. ಎಲೆಯ ನಡುವೆ ಹುಣಸೂರಿನ ಬೇಕರಿಯ ಒಂದು ಬನ್ನು ಇತ್ತು.

ವಿರೂಪಾಕ್ಷ ಬನ್ನನ್ನು ನೋಡುತ್ತ ನಿಂತ.

"ನೀನ್ ಪೋನಲ್ಲಿ ಹೇಳ್ದಲ್ಲ," ಎಂದಳು ಶಾಂಭವಿ, ವಿಭೂತಿ ತಟ್ಟೆ ಹಿಡಿದು ಪಕ್ಕದಲ್ಲಿ ಹಾದುಹೋಗುತ್ತ. "ಇಮಾನದ ಬನ್ನು ಇಷ್ಟಪಟ್ಟು ತಿಂದ್ಲು ಅಂತ. ಇವರು ನೆನ್ನೆ ಸಂಜೆ ಹೋಗಿ ತಂದ್ರು."

ಹೇಳಿದ್ದು ನಿಜ. ಸಮಾಧಿ ಮಾಡಿ ಬೆಂಗಳೂರಿಗೆ ಹೋದ ಮೇಲೆ ಒಂದು ರಾತ್ರಿ ಅವಳು ಕರೆ ಮಾಡಿ, ಕೊನೆಗೆ ಅವ್ವ ಬಾಯಿತುಂಬ ಏನು ತಿಂದಳು ಎಂದು ಕೇಳಿದ್ದಳು. ಅವನು ಆ ವಿಮಾನದ ಊಟದ ಪಟ್ಟಿಯನ್ನು ಹೇಳಿದ್ದ. ಪುಲಾವು, ಪನೀರು, ಹಣ್ಣು, ಬನ್ನು. ಇಷ್ಟಪಟ್ಟಳಾ ಎಂದಳು. ಬನ್ನು ಇಷ್ಟಪಟ್ಟಳು ಎಂದ. ಪಟ್ಟಿಯಲ್ಲಿ ಕೊನೆಗೆ ಇದ್ದದ್ದು ಅದು.

ಅಯ್ಯನವರು ಮಂತ್ರ ಹೇಳಲು ತೊಡಗಿದರು. ಹೊರಗಿನಿಂದ, ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್‌ಗಳ ವಾಸನೆ ಬರುತ್ತಿತ್ತು. ಸೆಪ್ಟೆಂಬರ್, ಊರಿನಲ್ಲಿ ಎಲ್ಲರೂ ಸೊಪ್ಪು ಬೇಯಿಸುತ್ತಿದ್ದರು.

ಲಂಡನ್ನಿಗೆ ಹೋಗುವಾಗ ಅವ್ವನಿಗೂ ಅವನಿಗೂ ಒಂದೇ ಕಡೆ ಸೀಟು ಸಿಕ್ಕಿತ್ತು. ಟ್ರಾಲಿ ಬಂದಾಗ ಅವಳ ಪರವಾಗಿ ಅವನೇ ಹೂಂ ಎಂದಿದ್ದ, ಮುಚ್ಚಳ ತೆಗೆದುಕೊಟ್ಟಿದ್ದ. ಬರುವಾಗ ವಿಮಾನ ತುಂಬಿತ್ತು. ನೌಕರರ ಟಿಕೆಟಿಗೆ ಉಳಿದ ಸೀಟುಗಳೇ ಗತಿ. ಅವನಿಗೆ ಇಪ್ಪತ್ತೆಂಟನೇ ಸಾಲು, ಅವಳಿಗೆ ನಲವತ್ತೊಂದು, ನಡುವಿನ ಸೀಟು. ಅತ್ತಿತ್ತ ಕುಳಿತಿದ್ದವರು ಕನ್ನಡದವರಲ್ಲ.

ಅವ್ವ ಕೈಚೀಲದಲ್ಲಿ ನಿಪ್ಪಟ್ಟಿನ ಡಬ್ಬಿ ಇಟ್ಟುಕೊಂಡಿದ್ದಳು. ವಿಮಾನ ನಿಲ್ದಾಣದಲ್ಲಿ ಅವನು ಅದನ್ನು ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಿದ. "ಅಲ್ಲೆಲ್ಲಾ ಕೊಡ್ತಾರೆ ಕಣವ್ವ. ಎಲ್ಲರ ಮುಂದೆ ಡಬ್ಬಿ ತೆಗೀಬೇಡ." ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿ ಪ್ರಯಾಣ ಮಾಡಿತು.

ಅವಳಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಮಾತ್ರೆ. ಡಾಕ್ಟರು ಹೇಳಿದ್ದನ್ನು ಅವಳು ತಪ್ಪುತ್ತಿರಲಿಲ್ಲ. ದೂರದಲ್ಲಿ ಟ್ರಾಲಿ ಕಂಡ ತಕ್ಷಣ ಮಾತ್ರೆ ನುಂಗಿರಬೇಕು. ಟ್ರಾಲಿ ಬಂತು. ಹುಡುಗಿ ಕೇಳಿದಳು. ಅವ್ವ ಕೈ ಅಡ್ಡ ಹಿಡಿದು, ನಕ್ಕು, ಬೇಡ ಎಂದಳು.

ಎಪ್ಪತ್ತೊಂದು ವರ್ಷ ಅವಳು ಹಾಗೆಯೇ ಹೇಳಿದ್ದಳು. ಯಾರ ಮನೆಗೆ ಹೋದರೂ ಮೊದಲ ಸಲ ಬೇಡ. ಎರಡನೆಯ ಸಲ, ಈಗಷ್ಟೇ ತಿಂದು ಬಂದೆ. ಮೂರನೆಯ ಸಲಕ್ಕೆ, ನಿಮ್ಮ ಮಾತಿಗೆ ಒಂದ್ ಚೂರು ಹಾಕಿ. ಕೇಳಿದ ಕೂಡಲೇ ಹೂಂ ಎನ್ನುವುದು ಹೊಟ್ಟೆಗಿಲ್ಲದ ಮನೆಯ ಮಕ್ಕಳು ಮಾಡುವ ಕೆಲಸ ಎಂದು ಅವನ ತೊಡೆ ಚಿವುಟಿ ಕಲಿಸಿದ್ದಳು. ಬೆಂಗಳೂರಿಗೆ ಬಂದ ಮೊದಲ ವರ್ಷ ಅವನು ಮೂರು ಮನೆಗಳಿಂದ ಹಸಿದುಕೊಂಡು ಎದ್ದು ಬಂದ. ನಾಲ್ಕನೆಯ ಮನೆಯಲ್ಲಿ ಹೂಂ ಎಂದ. ಅಲ್ಲಿಗೆ ಆ ಪಾಠ ಮುಗಿಯಿತು.

ಹಿಂದೆ ವಿಮಾನದಲ್ಲೂ ಎರಡನೆಯ ಸಲ ಕೇಳುತ್ತಿದ್ದರು. ಊಟದ ಟ್ರಾಲಿ ಹಿಂದಿರುಗುವಾಗ, ಬೇಡ ಎಂದವರನ್ನು ಇನ್ನೊಮ್ಮೆ ವಿಚಾರಿಸುವ ಪದ್ಧತಿ ಇತ್ತು. ಲಂಡನ್ ಸೇರಿ ಕೆಲವು ಮಾರ್ಗಗಳಲ್ಲಿ ಅದನ್ನು ಎರಡು ವರ್ಷದ ಹಿಂದೆ ನಿಲ್ಲಿಸಿದರು. ಬೇಡ ಎಂದವರ ಸೀಟಿನ ಸಂಖ್ಯೆಯನ್ನು ಸಿಬ್ಬಂದಿ ಯಂತ್ರದಲ್ಲಿ ಒತ್ತಬೇಕು. ಆ ಲೆಕ್ಕದ ಮೇಲೆ ಮುಂದಿನ ವಿಮಾನಕ್ಕೆ ಊಟ ಕಡಿಮೆ ತುಂಬಬೇಕು. ಟಿಪ್ಪಣಿಯ ಐದನೆಯ ಅಂಶ: ಪ್ರಯಾಣಿಕರ ಆಯ್ಕೆಯನ್ನು ಗೌರವಿಸಿ, ಒಮ್ಮೆ ಬೇಡ ಎಂದವರನ್ನು ಮತ್ತೆ ಕೇಳತಕ್ಕದ್ದಲ್ಲ. ಕೆಳಗೆ ವಿರೂಪಾಕ್ಷನ ಸಹಿ.

ಅವಳು ಸತ್ತ ಮರುದಿನ ಅವನು ಆ ವಿಮಾನದ ದಾಖಲೆ ತರಿಸಿ ನೋಡಿದ. ನಲವತ್ತೊಂದು-ಇ, ಮೊದಲ ಊಟ: ಬೇಡ. ನಲವತ್ತೊಂದು-ಇ, ಡಬ್ಬಿ: ಬೇಡ. ಎರಡು ಸಾಲು. ಮಾತ್ರೆಯ ಪಟ್ಟಿಯಲ್ಲಿಯೂ ಎರಡು ಗೂಡು ಖಾಲಿ.

ಬೆಂಗಳೂರಿನಲ್ಲಿ ಇಳಿದು, ಸಾಮಾನು ಬರುವ ಪಟ್ಟಿಯ ಹತ್ತಿರ ಅವಳು ನೆಲದ ಮೇಲೆ ಕುಳಿತಳು. ಆಸ್ಪತ್ರೆಯಲ್ಲಿ ನೋಡಿದಾಗ ಸಕ್ಕರೆ ಮೂವತ್ತೊಂದಕ್ಕೆ ಇಳಿದಿತ್ತು. ಆಮೇಲೆ ಗ್ಲೂಕೋಸ್ ಏರಿಸಿದರು; ಅವಳು ಕಣ್ಣು ಬಿಡಲಿಲ್ಲ. ಮೂರನೆಯ ದಿನ ಹೃದಯ ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಬರೆದದ್ದು ಹೃದಯ ಎಂದೇ. ವಿರೂಪಾಕ್ಷ ಎಲ್ಲರಿಗೂ ಕಾಗದದಲ್ಲಿ ಇದ್ದದ್ದನ್ನು ಹೇಳಿದ.

"ಏನ್ಲಾ ಇರುಪಾಕ್ಸಪ್ಪ, ಗೋಡೆ ನೋಡ್ಕಂಡ್ ನಿಂತಿದ್ದೀಯ?"

ಚಿಕ್ಕಬೀರಮ್ಮ. ಎದುರು ಬೀದಿಯವಳು, ಅವ್ವನ ಸಂಜೆಯ ಜೊತೆಗಾತಿ. ಒಂಬತ್ತು ವರ್ಷ ಇಬ್ಬರೂ ಅಂಗಡಿಯ ಜಗಲಿಯ ಮೇಲೆ ಕುಳಿತು ಊರನ್ನು ವಿಚಾರಣೆ ಮಾಡಿದವರು.

"ಬನ್ನಿ ಅಮ್ಮ. ಕೂತ್ಕೊಳ್ಳಿ."

"ಕೂತ್ಕತೀನಿ ಬುಡು. ನಿಮ್ಮವ್ವ ಇಮಾನ ಅತ್ತಿ ಓದ್ಲು, ನನ್ನ ಒಬ್ಳೇ ಬುಟ್ಟು. ಅಂಗಂತ ಬೈದಿದ್ದೆ. ಬೈಬಾರ್ದಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಡೆಯ ಕಡೆ ಕುತೂಹಲದಿಂದ ಬಗ್ಗಿದಳು. "ಇದ್ಯಾಕ್ಲಾ ಬನ್ನು?"

"ವಿಮಾನದಲ್ಲಿ ಕೊಟ್ಟರು. ತಿಂದಳು."

"ಯಾರು? ನಿಮ್ಮವ್ವನಾ?" ಚಿಕ್ಕಬೀರಮ್ಮ ನಕ್ಕಳು. ಅಳುವಿನ ನಡುವೆ ಬಂದ ನಗು. ಎದುರಿಗಿದ್ದ ಇಬ್ಬರು ತಿರುಗಿ ನೋಡಿದರು. "ನನ್ ಮನೇಲಿ ಒಂದ್ ಲೋಟ ಮಜ್ಜಿಗೆ ಕುಡ್ಸಕ್ಕೆ ನಾನು ಕಾಲ್ ಇಡೀಬೇಕಿತ್ತು. ಆ ಇಮಾನದೋರು ಎಷ್ಟ್ ಸಲ ಏಳುದ್ರಂತೆ?"

ವಿರೂಪಾಕ್ಷ ಅವಳಿಗೆ ಒಂದು ಕುರ್ಚಿ ಎಳೆದುಕೊಟ್ಟ.

"ಒಳ್ಳೆ ಜನ ಬುಡು," ಎಂದಳು ಚಿಕ್ಕಬೀರಮ್ಮ. "ಅವಳ್ಗೆ ತಿನ್ಸವ್ರೆ ಅಂದ್ರೆ ಒಳ್ಳೆ ಜನ."

ಶಾಂಭವಿ ಐದು ಹೆಜ್ಜೆ ದೂರದಲ್ಲಿ ಬಿಲ್ವಪತ್ರೆ ಜೋಡಿಸುತ್ತಿದ್ದಳು. ಅವಳ ಕೈ ನಿಂತಿತು. ಅಣ್ಣನ ಕಡೆ ನೋಡಿದಳು. ಮತ್ತೆ ಪತ್ರೆ ಜೋಡಿಸಿದಳು.

ಹನ್ನೆರಡಕ್ಕೆ ಫೋನು ಬಂತು. ವಿರೂಪಾಕ್ಷ ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತ. ಅವನ ಕೈಕೆಳಗಿನ ತೇಜಸ್.

"ಸಾರಿ ಸರ್, ಇವತ್ತು ಮಾಡಬಾರದಿತ್ತು. ಆ ಕಡತ ಮೂರು ಗಂಟೆಗೆ ಮುಚ್ಚುತ್ತೆ. ಒಂದೇ ಸಲ ಕೇಳೋದನ್ನ ಉಳಿದ ಒಂಬತ್ತು ಮಾರ್ಗಕ್ಕೂ ತರೋದು. ನಿಮ್ಮ ಒಪ್ಪಿಗೆ ಬೇಕು."

"ತೇಜಸ್, ಬೇಡ ಅಂದವರನ್ನ ಇನ್ನೊಂದು ಸಲ ಕೇಳೋ ಪದ್ಧತಿ ವಾಪಸ್ ತರಬಹುದಾ?"

"ಸರ್, ತೆಗೆದಿದ್ದು ನೀವೇ. ಈಗ ಕ್ಯಾಬಿನ್ನಿನಲ್ಲಿ ಜನವೂ ಇಬ್ಬರು ಕಡಿಮೆ. ಯಾಕೆ ಸರ್, ದೂರು ಬಂದಿದೆಯಾ?"

"ಇಲ್ಲ. ದೂರು ಬಂದಿಲ್ಲ."

"ಮತ್ತೆ?"

"ಸುಮ್ಮನೆ ಕೇಳಿದೆ."

"ಹಾಗಾದ್ರೆ ಒಪ್ಪಿಗೆ ಹಾಕಲಾ ಸರ್?"

ಭವನದ ಒಳಗೆ ಶಂಖ ಊದಿದರು. "ಹಾಕಿ," ಎಂದ ವಿರೂಪಾಕ್ಷ.

ಫೋನು ಜೇಬಿಗಿಟ್ಟು ಅವನು ಹುಣಸೆಮರದ ಕೆಳಗೇ ನಿಂತಿದ್ದ. ಬೇಡ ಎನ್ನಲು ಅವನಿಗೆ ಮೂರು ಸೆಕೆಂಡು ಇತ್ತು ಎಂದು ಲೆಕ್ಕ ಹಾಕಿದ. ಮೂರಲ್ಲ, ನಾಲ್ಕು.

ಶಾಂಭವಿ ಕೈತೊಳೆಯುವ ನಲ್ಲಿಯ ಹತ್ತಿರ ಪಾಯಸದ ಸೌಟು ತೊಳೆಯುತ್ತಿದ್ದಳು. ಅವನು ಪಕ್ಕದಲ್ಲಿ ಹೋಗಿ ನಿಂತ.

"ಆ ಬನ್ನು ತೆಗೆದುಬಿಡು."

"ಯಾಕೆ?"

"ಅವ್ವ ಅದನ್ನು ತಿನ್ನಲಿಲ್ಲ."

"ಮತ್ತೇನ್ ತಿಂದ್ಲು?"

"ಏನೂ ಇಲ್ಲ."

ಅವಳು ಸೌಟನ್ನು ನೀರಿನ ಕೆಳಗೆ ಹಿಡಿದೇ ಇದ್ದಳು. ಅವನು ಹೇಳಿದ. ಕ್ರಮವಾಗಿ ಹೇಳಿದ: ಬೇರೆ ಬೇರೆ ಸೀಟು, ನಿಪ್ಪಟ್ಟಿನ ಡಬ್ಬಿ, ಎರಡು ಮಾತ್ರೆ, ಸಕ್ಕರೆ ಮೂವತ್ತೊಂದು. ಟಿಪ್ಪಣಿ ಓದಿದಂತೆ ತನ್ನ ದನಿ ಕೇಳಿಸುತ್ತಿದೆ ಎನ್ನಿಸಿತು. ನಿಲ್ಲಿಸಲು ಆಗಲಿಲ್ಲ.

"ಎಷ್ಟೊತ್ತು?" ಎಂದಳು.

"ವಿಮಾನದಲ್ಲಿ ಹತ್ತೂವರೆ ಗಂಟೆ. ಬೆಳಿಗ್ಗೆ ಹೋಟೆಲಿನಲ್ಲಿ ಬ್ರೆಡ್ಡು ತಿಂದದ್ದರಿಂದ ಲೆಕ್ಕ ಹಾಕಿದರೆ ಹದಿನಾರು."

"ಯಾರೂ ಕೇಳ್ಲೇ ಇಲ್ವಾ?"

"ಕೇಳಿದರು. ಬೇಡ ಅಂದಳು."

"ಬ್ಯಾಡ ಅಂದ್ಲು ಅಂತ ಬುಟ್ಬುಟ್ರಾ?"

"ಅದು ನಿಯಮ."

"ಯಾರ್ ಮಾಡಿದ್ದು?"

ನೀರು ಸೌಟಿನಿಂದ ತುಂಬಿ ಹೊರಗೆ ಬೀಳುತ್ತಿತ್ತು.

"ನಾನು."

ಶಾಂಭವಿ ಅವನ ಮುಖ ನೋಡಲಿಲ್ಲ. ನಲ್ಲಿಯನ್ನೇ ನೋಡುತ್ತಿದ್ದಳು. "ಅವರ್ನ ಬುಡು. ನೀನ್ ಎದ್ದೋಗಿ ಕೇಳ್ಲಿಲ್ವಾ?"

ಅವನು ಹೋಗಿದ್ದ. ದೀಪ ಆರಿಸಿದ ಮೇಲೆ ಹದಿಮೂರು ಸಾಲು ಹಿಂದಕ್ಕೆ ನಡೆದು, ಕತ್ತಲಲ್ಲಿ ಬಗ್ಗಿ, ತಿಂದ್ಯಾ ಅವ್ವ ಎಂದಿದ್ದ. ಹೂಂ ಆಯ್ತು ಬುಡು, ನೀ ಹೋಗಿ ಮನೀಕೋ ಎಂದಿದ್ದಳು. ಅವಳ ಕೈ ಅವನ ಮಣಿಕಟ್ಟಿನ ಮೇಲಿತ್ತು. ತಣ್ಣಗಿತ್ತು. ಹೊದಿಕೆ ತೆಳುವಾಯಿತು ಎಂದುಕೊಂಡ. ಹೊದಿಕೆಯ ತೂಕ ಇಳಿಸಿದ್ದು ಬೇರೆ ವಿಭಾಗ. ತನ್ನ ಸೀಟಿಗೆ ಬಂದು ನಾಲ್ಕು ಗಂಟೆ ನಿದ್ದೆ ಮಾಡಿದ್ದ.

"ಕೇಳಿದೆ."

"ಎಷ್ಟ್ ಸಲ?"

"ಒಂದ್ಸಲ."

ಅವಳು ನಲ್ಲಿ ನಿಲ್ಲಿಸಿದಳು. ಸೌಟಿನ ನೀರನ್ನು ಚೆಲ್ಲಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಅಳಬಹುದಿತ್ತು, ಹನ್ನೊಂದು ದಿನದಿಂದ ಅದು ಅವನಿಗೆ ಬಂದಿರಲಿಲ್ಲ.

"ಅಯ್ನೋರ್ದು ಆಯ್ತು," ಎಂದಳು ಶಾಂಭವಿ. "ಎಲೆ ಹಾಕ್ಸ್ತಾರೆ. ಹೋಗಿ ಕೂತ್ಕೋ."

ಅವಳು ಸಭಾಂಗಣಕ್ಕೆ ಹೋಗಿ ಎಡೆಯ ಮುಂದೆ ಬಗ್ಗಿ ಬನ್ನನ್ನು ಎತ್ತಿಕೊಂಡಳು. ಎಲ್ಲಿಡಬೇಕು ಎಂದು ತಿಳಿಯದೆ ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಎಲೆಯ ನಡುವೆ ಬನ್ನಿದ್ದ ಜಾಗ ದುಂಡಗೆ ಖಾಲಿ ಉಳಿದಿತ್ತು. ಪಾಯಸ ನಿಧಾನವಾಗಿ ಆ ಕಡೆಗೆ ಹರಿಯಿತು.

ಮೊದಲ ಪಂಕ್ತಿ ಒಂದೂ ಹತ್ತಕ್ಕೆ ಕುಳಿತಿತು. ವಿರೂಪಾಕ್ಷನಿಗೆ ಗೋಡೆಯ ಕಡೆಯ ಸಾಲಿನ ನಡುವೆ ಜಾಗ ಸಿಕ್ಕಿತು. ಬಲಕ್ಕೆ ಚಿಕ್ಕಬೀರಮ್ಮ, ಎಡಕ್ಕೆ ಪಿರಿಯಾಪಟ್ಟಣದ ಕಡೆಯ ಯಾರೋ ನೆಂಟರು. ನಿಂಗರಾಜುವಿನ ಹೆಂಗಸರು ಉಪ್ಪು, ಕೋಸಂಬರಿ, ಪಲ್ಯ ಹಾಕುತ್ತ ವೇಗವಾಗಿ ಹಾದುಹೋದರು. ಅವರು ಯಾರನ್ನೂ ಏನೂ ಕೇಳಲಿಲ್ಲ.

ಅವರ ಹಿಂದೆ ಶಾಂಭವಿ ಲಾಡಿನ ತಟ್ಟೆ ಹಿಡಿದು ಬಂದಳು. ವೀರಭದ್ರಸ್ವಾಮಿ ತುಪ್ಪದ ಗಿಂಡಿ ಹಿಡಿದಿದ್ದ.

"ದೊಡ್ಡಪ್ಪ, ಲಾಡು."

"ಬ್ಯಾಡ ಕಣವ್ವ, ಶುಗರ್ರು."

"ಒಂದ್ ಚೂರು."

"ಬ್ಯಾಡ ಅಂದ್ನಲ್ಲ ಮಗ."

"ನಮ್ಮವ್ವನ ಹೆಸರಿಗೆ ದೊಡ್ಡಪ್ಪ. ಅರ್ಧ ಹಾಕ್ಲಾ?"

"ಹಾಕು, ಹಾಕು. ಅರ್ಧ ಯಾಕೆ, ಒಂದೇ ಹಾಕು."

ಪ್ರತಿ ಎಲೆಯ ಮುಂದೆಯೂ ಅವಳು ನಿಂತಳು. ಪ್ರತಿ ಎಲೆಯ ಮುಂದೆಯೂ ಅದೇ ಮಾತು ನಡೆಯಿತು. ನಾನೂರು ಎಲೆಗೆ ಮೂರು ಸಲದಂತೆ ಸಾವಿರದ ಇನ್ನೂರು ಸಲ ಎಂದು ವಿರೂಪಾಕ್ಷನ ತಲೆ ತಾನಾಗಿ ಗುಣಿಸಿತು. ಅವನಿಗೆ ಹಸಿವಾಗಿತ್ತು. ಹನ್ನೊಂದು ದಿನಗಳಲ್ಲಿ ಮೊದಲ ಸಲ ಹಸಿವು ಎಂದು ಗೊತ್ತಾಗುವಷ್ಟು ಹಸಿವಾಗಿತ್ತು.

"ಚಿಕ್ಕಬೀರಮ್ಮತ್ತೆ, ತಕೊಳಿ."

"ಅಯ್ಯೋ ನಂಗ್ಯಾಕೆ ಮಗ, ಬಾಯಲ್ಲಿ ಅಲ್ಲೇ ಇಲ್ಲ."

"ಪುಡಿ ಮಾಡಿ ಹಾಕ್ತೀನಿ."

"ಬ್ಯಾಡ ಬುಡವ್ವ."

"ನೀವ್ ತಿನ್ನದೆ ಇದ್ರೆ ನಮ್ಮವ್ವ ನನ್ ಬುಟ್ಟಾಳಾ?"

ಚಿಕ್ಕಬೀರಮ್ಮ ಎಲೆಯ ಮೇಲೆ ಜಾಗ ಮಾಡಿದಳು. ಶಾಂಭವಿ ಲಾಡನ್ನು ಬೆರಳಿನಿಂದ ಪುಡಿ ಮಾಡಿ ಹಾಕಿದಳು. ತುಪ್ಪ ಬಿತ್ತು.

ಆಮೇಲೆ ವಿರೂಪಾಕ್ಷನ ಎಲೆಯ ಮುಂದೆ ಬಂದು ನಿಂತಳು.

"ಹಾಕ್ಲಾ ಅಣ್ಣ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಲೆ ಎತ್ತಿದರೆ ಅವಳ ಮುಖದ ಪಕ್ಕದಲ್ಲಿ ಅವ್ವನ ಫೋಟೊ, ಕಿವಿಯ ಹಿಂದಿನ ಬೂದು ಪಟ್ಟಿ ಕಾಣುತ್ತಿತ್ತು. ಹೂಂ ಎನ್ನಬೇಕೆಂದು ಅವನು ಬಾಯಿ ತೆರೆದ. ಕೈ ತಾನಾಗಿ ಎಲೆಗೆ ಅಡ್ಡ ಬಂತು, ಬೆರಳು ಚಾಚಿ, ಸ್ವಲ್ಪ ಮೇಲಕ್ಕೆ. ಮೂವತ್ತು ವರ್ಷದಿಂದ ಅವನು ಹಾಗೆ ಕೈ ಹಿಡಿದಿರಲಿಲ್ಲ.

"ಬೇಡ," ಎಂದ. ಕೈಯನ್ನು ಹಾಗೆಯೇ ಹಿಡಿದು, ತಲೆ ತಗ್ಗಿಸಿ ಕಾದ.

ಶಾಂಭವಿ ಮುಂದಿನ ಎಲೆಗೆ ಹೋದಳು. ಆ ಸಾಲಿನಲ್ಲಿ ಇನ್ನೂ ಹದಿನೇಳು ಎಲೆಗಳಿದ್ದವು. ಹದಿನೇಳು ಜನರೂ ಲಾಡು ಹಾಕಿಸಿಕೊಂಡರು.